‘ಸಬ್ಬೆಕಾ’ ಊದುವ ವಾದ್ಯವೋ, ಮೀಟುವ ವಾದ್ಯವೋ?

ಪ್ರಶ್ನೆ: ನಮ್ಮ ಚರ್ಚಿನ ಸಂಡೇ ಸ್ಕೂಲ್ ಮಕ್ಕಳಿಂದ ದಾನಿಯೇಲನ ಪುಸ್ತಕದ ಮೂರನೇ ಅಧ್ಯಾಯವನ್ನು ನಾಟಕ ಮಾಡಿಸುತ್ತಿದ್ದೇವೆ. ವಾದ್ಯಗಳ ಧ್ವನಿ ಕೇಳಿದ ಕೂಡಲೇ ಎಲ್ಲರೂ ಬಂಗಾರದ ಪ್ರತಿಮೆಗೆ ಅಡ್ಡಬೀಳಬೇಕು ಎಂದು ರಾಜ ನೆಬೂಕದ್ನೆಚ್ಚರ ಆಜ್ಞೆ ಮಾಡುತ್ತಾನಲ್ಲ, ಆ ಕಥೆ. ವಾದ್ಯಗಳ ಪಟ್ಟಿಯೇ ನಮಗೆ ತಲೆನೋವಾಗಿದೆ. ಕನ್ನಡ ಬೈಬಲಿನಲ್ಲಿ ಕಿನ್ನರಿ, ವೀಣೆ ಥರ ನಮ್ಮ ಹೆಸರುಗಳಿವೆ. ಹಳೇ ಇಂಗ್ಲಿಷ್ ಬೈಬಲಿನಲ್ಲಿ ‘ಸ್ಯಾಕ್‌ಬಟ್’ ಅಂತಿದೆ. ಅದನ್ನು ಹುಡುಕಿದರೆ ಟ್ರಾಂಬೋನ್ ಚಿತ್ರ ಬರುತ್ತದೆ! ಹೊಸ ಅನುವಾದಗಳಲ್ಲಿ ಒಂದು ಕಡೆ ‘ಲೈರ್’, ಇನ್ನೊಂದು ಕಡೆ ‘ಟ್ರೈಗನ್’. ಮೂಲ ಅರಾಮಿಕ್‌ನಲ್ಲಿ ‘ಸಬ್ಬೆಕಾ’ ಅಂತೆ. ಇದು ನಿಜಕ್ಕೂ ಯಾವ ವಾದ್ಯ? ನಮ್ಮ ಸಂತೂರ್ ಕೂಡ ಇದೇ ಪಟ್ಟಿಯಿಂದ ಬಂದದ್ದು ಅಂತ ಒಬ್ಬರು ಹೇಳಿದರು. ಪಟ್ಟಿಯಲ್ಲಿ ಗ್ರೀಕ್ ಹೆಸರುಗಳಿವೆ, ಹಾಗಾಗಿ ಪುಸ್ತಕ ಬಾಬೆಲಿನ ಕಾಲದ್ದೇ ಅಲ್ಲ ಅಂತ ಇನ್ನೊಬ್ಬರು ವಾದ ಹೂಡಿದರು. ಯಾವುದು ಸರಿ? ಕಡೆಗೆ, ಮಕ್ಕಳ ಕೈಗೆ ಏನು ಕೊಡೋದು?

ಉತ್ತರ: ಮೊದಲು ಟ್ರಾಂಬೋನ್ ಪಕ್ಕಕ್ಕಿಡಿ. ಸಬ್ಬೆಕಾ ಮೀಟುವ ವಾದ್ಯ. ಊದುವುದಲ್ಲ. ಅದು ಸಣ್ಣ ಗಾತ್ರದ, ಏರು ಶ್ರುತಿಯ, ಮೂಲೆ ಇರುವ ಒಂದು ಹಾರ್ಪ್ (ಟೊಳ್ಳು ಒಡಲಿಗೂ ಕೋಲಿಗೂ ನಡುವೆ ತಂತಿ ಬಿಗಿದ ವಾದ್ಯ) ಆಗಿತ್ತು ಎಂಬುದು ನನ್ನ ಅಭಿಪ್ರಾಯ. ಈ ವಿಷಯ ಓದಿಕೊಂಡವರಲ್ಲಿ ಹೆಚ್ಚಿನವರದ್ದೂ ಹತ್ತಿರಹತ್ತಿರ ಇದೇ. ಆದರೆ ಈ ಮಾತಿಗೆ ಬಂದ ದಾರಿ ತುಂಬಾ ಸುತ್ತುಬಳಸಿನದು. ನಡುವೆ ಒಂದು ಯುದ್ಧದ ಏಣಿಯೂ ಬರುತ್ತದೆ.

ಪಟ್ಟಿಯನ್ನೇ ಮೊದಲು ನೋಡೋಣ. ದಾನಿಯೇಲನ ಪುಸ್ತಕದ ಎರಡನೇ ಅಧ್ಯಾಯದ ನಾಲ್ಕನೇ ವಚನದ ನಡುವಿನಿಂದ ಏಳನೇ ಅಧ್ಯಾಯದ ಕೊನೆಯವರೆಗೆ ಮೂಲ ಇರುವುದು ಅರಾಮಿಕ್ ಭಾಷೆಯಲ್ಲಿ. ಉಳಿದದ್ದು ಹೀಬ್ರೂ. ಮೂರನೇ ಅಧ್ಯಾಯದಲ್ಲಿ ಆರು ಹೆಸರುಗಳು ಬರುತ್ತವೆ: ಕರ್ನಾ, ಮಶ್ರೋಕೀತಾ, ಕೀತರೋಸ್, ಸಬ್ಬೆಕಾ, ಪೆಸಂತೇರಿನ್, ಸೂಂಪೋನ್ಯಾ. ಕರ್ನಾ ಅಂದರೆ ಕೊಂಬು. ಮಶ್ರೋಕೀತಾ ಊದುವ ಕೊಳವೆ. ಸಿಳ್ಳೆ ಹಾಕು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಈ ಎರಡರ ಬಗ್ಗೆ ದೊಡ್ಡ ಜಗಳ ಇಲ್ಲ.

ಈ ಪಟ್ಟಿ ಒಂದೇ ಅಧ್ಯಾಯದಲ್ಲಿ ನಾಲ್ಕು ಸಲ ಬರುತ್ತದೆ: 5, 7, 10 ಮತ್ತು 15ನೇ ವಚನಗಳಲ್ಲಿ. ಅಧಿಕಾರಿಗಳ ಪಟ್ಟಿಯೂ ಹಾಗೇ ಉದ್ದುದ್ದ. ಡಂಗುರ ಸಾರುವವನು ಉಸಿರು ಬಿಡದೆ ಒಪ್ಪಿಸಿದ ಹಾಗಿದೆ. ಇದರಲ್ಲಿ ಬೇಕಂತಲೇ ಇಟ್ಟ ಒಂದು ತಮಾಷೆ ಇದೆ ಎನ್ನುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. 60 ಮೊಳ ಎತ್ತರ, ಬರೀ 6 ಮೊಳ ಅಗಲದ ಪ್ರತಿಮೆ, ಅದಕ್ಕೆ ಇಷ್ಟು ದೊಡ್ಡ ಮೇಳ, ಎಲ್ಲರೂ ಒಟ್ಟಿಗೆ ದಬಕ್ಕನೆ ಬೀಳಬೇಕು. ನಿಮ್ಮ ನಾಟಕದಲ್ಲಿ ಪಟ್ಟಿಯನ್ನು ಒಮ್ಮೆ ಹೇಳಿ ಬಿಟ್ಟುಬಿಡಬೇಡಿ. ನಾಲ್ಕು ಸಲವೂ ಪೂರ್ತಿ ಹೇಳಿಸಿ, ಮಕ್ಕಳಿಗೆ ಖುಷಿಯಾಗುತ್ತದೆ.

ಇಂಗ್ಲಿಷ್‌ನ ಗೊಂದಲ ಈ ಆರು ಹೆಸರುಗಳಿಂದಲೇ ಹುಟ್ಟಿದ್ದು. 1611ರ ಕಿಂಗ್ ಜೇಮ್ಸ್ ಬೈಬಲ್ ಸಬ್ಬೆಕಾಗೆ ಸ್ಯಾಕ್‌ಬಟ್ ಎಂದಿತು. ಅದಕ್ಕೂ ಮುಂಚಿನ 1560ರ ಜಿನೀವಾ ಬೈಬಲಿನಲ್ಲೂ ಸ್ಯಾಕ್‌ಬಟ್ಟೇ ಇತ್ತು. ಈಗಿನ ಇಎಸ್‌ವಿ ಅನುವಾದ ಟ್ರೈಗನ್ ಅನ್ನುತ್ತದೆ. ಎನ್‌ಐವಿ ಲೈರ್ ಅನ್ನುತ್ತದೆ. ಸ್ಯಾಕ್‌ಬಟ್ ಎಂದರೆ ಹದಿನೈದು–ಹದಿನಾರನೇ ಶತಮಾನದ ಯುರೋಪಿನ ಹಿತ್ತಾಳೆ ವಾದ್ಯ, ಟ್ರಾಂಬೋನಿನ ಅಜ್ಜ. ಅದರ ಹೆಸರು ಫ್ರೆಂಚಿನ ‘ಎಳೆ’, ‘ತಳ್ಳು’ ಎಂಬ ಎರಡು ಕ್ರಿಯಾಪದಗಳಿಂದ ಆದದ್ದು. ನುಡಿಸುವವನು ಕೊಳವೆಯನ್ನು ಎಳೆದು ತಳ್ಳುತ್ತಾನಲ್ಲ, ಅದಕ್ಕೆ. ಸಬ್ಬೆಕಾಗೂ ಅದಕ್ಕೂ ಕಿವಿಗೆ ಕೇಳುವ ಹೋಲಿಕೆ ಬಿಟ್ಟರೆ ಬೇರೆ ನಂಟೇ ಇಲ್ಲ.

ಆದರೂ ಆ ಅನುವಾದಕರು ಸುಮ್ನೆ ಕಣ್ಣುಮುಚ್ಚಿ ಬರೆದವರಲ್ಲ. ಅವರ ಹಿಂದೆ ಒಂದು ಹಳೆಯ ಎಡವಟ್ಟು ಇತ್ತು. ದಾನಿಯೇಲನ ಪುಸ್ತಕ ಗ್ರೀಕಿಗೆ ಹೋದಾಗ ಸಬ್ಬೆಕಾ ‘ಸಾಂಬೂಕೆ’ ಆಯಿತು. ಲ್ಯಾಟಿನ್ನಿಗೆ ಬಂದಾಗ ‘ಸಾಂಬೂಕಾ’ ಆಯಿತು. ಗ್ರೀಕರಿಗೂ ರೋಮನ್ನರಿಗೂ ಅದು ತಂತಿವಾದ್ಯ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಕಾಲ ಸರಿಯಿತು, ವಾದ್ಯ ಮಾಯವಾಯಿತು, ಹೆಸರು ಮಾತ್ರ ಪುಸ್ತಕದಲ್ಲಿ ಉಳಿಯಿತು. ಏಳನೇ ಶತಮಾನದ ಹೊತ್ತಿಗೆ ಸ್ಪೇನಿನ ಸೆವಿಲ್ ಪಟ್ಟಣದ ಬಿಷಪ್ ಇಸಿಡೋರ್ ಪದಗಳ ಮೂಲ ಹೇಳುವ ದೊಡ್ಡ ಗ್ರಂಥ ಬರೆದ. ಲ್ಯಾಟಿನ್‌ನಲ್ಲಿ ‘ಸಾಂಬೂಕುಸ್’ ಎಂದರೆ ಎಲ್ಡರ್ ಎಂಬ ಗಿಡ. ಅದರ ಕಾಂಡದ ಒಳಗೆ ಮೆತ್ತನೆಯ ತಿರುಳು. ತಿರುಳು ತಳ್ಳಿಬಿಟ್ಟರೆ ಪೀಪಿ ರೆಡಿ. ಸಾಂಬೂಕಾ ಎಂಬುದೂ ಈ ಮರದ ಹೆಸರೇ, ಇದರಿಂದ ಕೊಳಲು ಮಾಡುತ್ತಾರೆ ಎಂದು ಇಸಿಡೋರ್ ಬರೆದುಬಿಟ್ಟ. ಮಧ್ಯಯುಗ ಪೂರ್ತಿ ಯುರೋಪು ಅವನ ಪುಸ್ತಕ ಓದಿತು. ಹೀಗೆ ತಂತಿ ಹೋಗಿ ಗಾಳಿ ಬಂತು. ಊದುವ ವಾದ್ಯ ಅಂತಾದ ಮೇಲೆ ಸ್ಯಾಕ್‌ಬಟ್ ಒಂದೇ ಹೆಜ್ಜೆ ದೂರ. (ಇಂಟರ್‌ನೆಟ್‌ನಲ್ಲಿ ಸಾಂಬೂಕಾ ಅಂತ ಹುಡುಕಿದರೆ ಇಟಲಿಯ ಸೋಂಪಿನ ವಾಸನೆಯ ಮದ್ಯವೊಂದು ಮೊದಲು ಬರುತ್ತದೆ. ಸಂಡೇ ಸ್ಕೂಲ್ ಮಕ್ಕಳ ಎದುರು ಹುಡುಕಬೇಡಿ.)

ಇನ್ನು, ಈ ಶಬ್ದ ಯಾರದ್ದು ಎಂಬ ವಿಷಯ. ನಿಮಗೆ ಗ್ರೀಕ್ ಹೆಸರಿನ ವಾದ ಹೇಳಿದವರು ಬಹುಶಃ ಇಡೀ ಪಟ್ಟಿಗೆ ಒಂದೇ ಬಣ್ಣ ಬಳಿದಿರಬೇಕು. ಪಟ್ಟಿಯಲ್ಲಿ ಗ್ರೀಕಿನಿಂದ ಬಂದವು ಮೂರೇ. ಕೀತರೋಸ್ ಅಂದರೆ ಗ್ರೀಕಿನ ಕಿಥಾರಿಸ್. ಪೆಸಂತೇರಿನ್ ಅಂದರೆ ಪ್ಸಾಲ್ಟೇರಿಯೋನ್. ಸೂಂಪೋನ್ಯಾ ಅಂದರೆ ಸುಂಫೋನಿಯಾ, ಈಗಿನ ಸಿಂಫನಿ. ಸಬ್ಬೆಕಾ ಈ ಗುಂಪಿಗೆ ಸೇರಿದ್ದಲ್ಲ. ಅದು ಹೋದದ್ದು ಎದುರು ದಿಕ್ಕಿಗೆ, ಪಶ್ಚಿಮ ಏಷ್ಯಾದಿಂದ ಗ್ರೀಸಿಗೆ. ಒಂದೇ ಸಾಲಿನಲ್ಲಿ ಹೋಗುವ ಶಬ್ದವೂ ಇದೆ, ಬರುವ ಶಬ್ದವೂ ಇದೆ. ಈ ಪಟ್ಟಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಇದಕ್ಕೆ ಸಾಕ್ಷಿ ಗ್ರೀಕರ ಬಾಯಿಂದಲೇ ಸಿಗುತ್ತದೆ. ಭೂಗೋಳ ಬರೆದ ಸ್ಟ್ರಾಬೋ, ನಮ್ಮಲ್ಲಿ ಕೆಲವು ವಾದ್ಯಗಳಿಗೆ ಹೊರಗಿನವರ ಹೆಸರುಗಳೇ ಇವೆ ಎಂದು ಹೇಳಿ, ಆ ಸಾಲಿನಲ್ಲಿ ಸಾಂಬೂಕೆಯನ್ನೂ ಸೇರಿಸುತ್ತಾನೆ. ಅರಿಸ್ಟಾಟಲನ ಶಿಷ್ಯ ಅರಿಸ್ಟೋಕ್ಸೆನಸ್ ಕೂಡ ಅದನ್ನು ಪರದೇಶದ ವಾದ್ಯಗಳ ಜೊತೆಗೇ ಇಡುತ್ತಾನೆ. ಮೌರಿತಾನಿಯಾದ ರಾಜನೂ ವಿದ್ವಾಂಸನೂ ಆಗಿದ್ದ ಜೂಬಾ, ಇದು ಸಿರಿಯಾದವರು ಕಂಡುಹಿಡಿದದ್ದು ಎಂದು ಬರೆದಿದ್ದ. ಕವಿ ಇಬಿಕಸ್ ಕಂಡುಹಿಡಿದ ಎಂದು ಹೇಳಿದ ಗ್ರೀಕರೂ ಇದ್ದರು. ಒಳ್ಳೇದೆಲ್ಲ ನಮ್ಮೂರಿನದೇ ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ಅಲ್ವಾ?

ಉಚ್ಚಾರಣೆಯೂ ಅದೇ ದಾರಿ ತೋರಿಸುತ್ತದೆ. ಸಬ್ಬೆಕಾದಲ್ಲಿ ಇರುವುದು ಒತ್ತಕ್ಷರ ‘ಬ್ಬ’. ಗ್ರೀಕಿನಲ್ಲಿ ಅದು ‘ಂಬ’ ಆಗಿದೆ. ಸೆಮಿಟಿಕ್ ಭಾಷೆಗಳ (ಹೀಬ್ರೂ, ಅರಾಮಿಕ್ ಸೇರಿದ ಬಳಗ) ಶಬ್ದ ಗ್ರೀಕಿಗೆ ಹೋದಾಗ ಹೀಗಾಗುವುದು ಹೊಸದೇನಲ್ಲ. ಬೈಬಲಿನ ಪ್ರವಾದಿ ಹಬಕ್ಕೂಕ ಗ್ರೀಕ್ ಅನುವಾದದಲ್ಲಿ ‘ಅಂಬಕೂಮ್’ ಆದ. ‘ಸಬ್ಬತ್’ ಎಂಬ ಶಬ್ದ ಜನರ ಬಾಯಲ್ಲಿ ‘ಸಂಬತ್’ ಆಯಿತು. ಫ್ರೆಂಚರು ಶನಿವಾರಕ್ಕೆ ‘ಸಾಮ್‌ದಿ’, ಜರ್ಮನ್ನರು ‘ಝಾಮ್‌ಸ್ಟಾಗ್’ ಅನ್ನುವುದರಲ್ಲಿ ಆ ‘ಮ’ಕಾರ ಈಗಲೂ ಇದೆ. ಹಾಗಾಗಿ ಸಬ್ಬೆಕಾ ಸಾಂಬೂಕೆ ಆಗಿದ್ದು ಪಳಗಿದ ದಾರಿಯೇ.

ಸಬ್ಬೆಕಾ ಎಂಬುದರ ಅರ್ಥ? ಸ-ಬ-ಕ ಎಂಬ ಧಾತುವಿಗೆ ಹೆಣೆ, ಸಿಕ್ಕು ಹಾಕು ಎಂಬ ಅರ್ಥ ಇದೆ. ಸೊಲೊಮೋನನ ದೇವಾಲಯದ ಕಂಬಗಳ ತಲೆಯ ಮೇಲಿದ್ದ ಜಾಲರಿ ಕೆಲಸಕ್ಕೆ ಹೀಬ್ರೂವಿನಲ್ಲಿ ಇದೇ ಧಾತುವಿನ ಶಬ್ದ. ತಂತಿಗಳು ಜಾಲರಿಯ ಹಾಗೆ ಕಂಡವು, ಅದಕ್ಕೇ ಈ ಹೆಸರು ಎನ್ನುವ ವಿವರಣೆ ಇದೆ. ಚೆನ್ನಾಗಿದೆ, ಆದರೆ ನಾನು ಅದರ ಮೇಲೆ ಜಾಸ್ತಿ ಭಾರ ಹಾಕುವುದಿಲ್ಲ. ವಾದ್ಯಗಳ ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದಮೇಲೆ ಅಲ್ಲಿನ ಯಾವುದೋ ಧಾತುವಿಗೆ ಅಂಟಿಕೊಳ್ಳುವುದು ಮಾಮೂಲು. ಇಸಿಡೋರ್ ಮಾಡಿದ್ದೂ ಅದನ್ನೇ.

ಈಗ ಆಕಾರ. ಇಲ್ಲೇ ಯುದ್ಧದ ಏಣಿ ಬರುವುದು.

ಕ್ರಿ.ಪೂ. 213. ರೋಮಿನ ಸೇನಾಪತಿ ಮಾರ್ಸೆಲಸ್ ಸಿಸಿಲಿಯ ಸಿರಾಕ್ಯೂಸ್ ಪಟ್ಟಣವನ್ನು ಸಮುದ್ರದ ಕಡೆಯಿಂದ ಮುತ್ತುತ್ತಾನೆ. ಗೋಡೆ ಹತ್ತಲು ಅವನ ಹತ್ತಿರ ಒಂದು ಯಂತ್ರ ಇತ್ತು. ಇತಿಹಾಸಕಾರ ಪಾಲಿಬಿಯಸ್ ಅದನ್ನು ಬಿಡಿಸಿ ಬಿಡಿಸಿ ಹೇಳುತ್ತಾನೆ. ಎರಡು ದೊಡ್ಡ ಹಡಗುಗಳನ್ನು ಪಕ್ಕಪಕ್ಕದಲ್ಲಿ ಕಟ್ಟುವುದು. ಒಳಬದಿಯ ಹುಟ್ಟುಗಳನ್ನು ತೆಗೆದುಬಿಡುವುದು. ನಾಲ್ಕಡಿ ಅಗಲದ ಏಣಿಯನ್ನು ಹಡಗುಗಳ ಮೇಲೆ ಉದ್ದಕ್ಕೆ ಮಲಗಿಸುವುದು. ಅದರ ತುದಿ ಹಡಗಿನ ಮೂತಿಗಿಂತ ಸಾಕಷ್ಟು ಮುಂದೆ ಚಾಚಿರುತ್ತದೆ. ಏಣಿಯ ಎರಡೂ ಬದಿಗೆ ತಡೆಗೋಡೆ, ಮೇಲೆ ಮುಚ್ಚಿಗೆ. ಕೂವೆಮರದ ತುದಿಯಲ್ಲಿ ರಾಟೆ, ರಾಟೆಯಿಂದ ಹಗ್ಗ. ಗೋಡೆ ಹತ್ತಿರ ಬಂದಾಗ ಹಿಂದೆ ನಿಂತವರು ಹಗ್ಗ ಎಳೆದರೆ ಏಣಿ ಮೇಲೇಳುತ್ತದೆ. ತುದಿಯಲ್ಲಿ ಹೆಣೆದ ತಟ್ಟಿಯ ಮರೆಯಲ್ಲಿ ನಾಲ್ಕು ಜನ ಸೈನಿಕರು ನಿಂತಿರುತ್ತಾರೆ. ಈ ಯಂತ್ರವನ್ನು ಕರೆಯುತ್ತಿದ್ದದ್ದು ‘ಸಾಂಬೂಕೆ’ ಎಂದು. ಏಕೆಂದರೆ ಏಣಿ ಎದ್ದು ನಿಂತಾಗ ಹಡಗೂ ಏಣಿಯೂ ಸೇರಿ ಆ ವಾದ್ಯದ ಆಕಾರವೇ ಆಗುತ್ತದೆ ಎನ್ನುತ್ತಾನೆ ಪಾಲಿಬಿಯಸ್.

ಸಿರಾಕ್ಯೂಸಿನ ಒಳಗೆ ಆರ್ಕಿಮಿಡೀಸ್ ಇದ್ದ. ಗೋಡೆಯ ಹಿಂದಿನಿಂದ ಅವನ ಯಂತ್ರಗಳು ಕತ್ತು ಚಾಚಿ ಭಾರಿ ಕಲ್ಲುಗಳನ್ನೂ ಸೀಸದ ಗುಂಡುಗಳನ್ನೂ ಏಣಿಗಳ ಮೇಲೆ ಬೀಳಿಸಿದವು. ಕಬ್ಬಿಣದ ಕೈಗಳು ಹಡಗಿನ ಮೂತಿ ಹಿಡಿದು ಎತ್ತಿ ನೀರಿಗೆ ಕೆಡವಿದವು. ಸೋತ ಮಾರ್ಸೆಲಸ್ ಜೋಕ್ ಮಾಡಿದನಂತೆ: ಆರ್ಕಿಮಿಡೀಸ್ ನನ್ನ ಹಡಗುಗಳನ್ನು ಸೌಟು ಮಾಡಿಕೊಂಡು ಸಮುದ್ರದ ನೀರು ಬಡಿಸುತ್ತಿದ್ದಾನೆ, ನನ್ನ ಸಾಂಬೂಕೆ ಮೇಳವನ್ನು ಹೊಡೆದು ಪಾನಗೋಷ್ಠಿಯಿಂದ ಆಚೆ ಅಟ್ಟಿದ್ದಾನೆ ಎಂದು. ಈ ಜೋಕು ನಮಗೆ ಒಂದು ವಿಷಯ ಹೇಳುತ್ತದೆ. ಸಾಂಬೂಕೆ ನುಡಿಸುವವರು ಕುಡಿತದ ಕೂಟಗಳಿಗೆ ಕರೆಸುವ ಬಾಡಿಗೆ ಮೇಳದವರಾಗಿದ್ದರು. ದೇವಸ್ಥಾನದ ವಾದ್ಯ ಅಲ್ಲ ಅದು.

ಆ ಏಣಿಯನ್ನೇ ಕಾಗದದ ಮೇಲೆ ಬಿಡಿಸಿ ನೋಡಿ. ಕೆಳಗೆ ಉದ್ದಕ್ಕೆ ಮಲಗಿದ ಹಡಗು. ಅದರ ಒಂದು ಕೊನೆಯಿಂದ ಓರೆಯಾಗಿ ಎದ್ದ ಏಣಿ. ಎರಡರ ನಡುವೆ ಬಿಗಿದ ಹಗ್ಗಗಳು. ಹಡಗು ಅಂದರೆ ವಾದ್ಯದ ಟೊಳ್ಳು ಒಡಲು. ಏಣಿ ಅಂದರೆ ತಂತಿ ಕಟ್ಟುವ ಕೋಲು. ಹಗ್ಗಗಳೇ ತಂತಿ. ಇದು ಟ್ರಾಂಬೋನ್ ಅಲ್ಲ, ಲೈರ್ ಕೂಡ ಅಲ್ಲ. ಮೂಲೆ ಇರುವ ಹಾರ್ಪ್.

ಲೈರಿಗೂ ಹಾರ್ಪಿಗೂ ಏನು ವ್ಯತ್ಯಾಸ ಅಂತ ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮ ಎನ್‌ಐವಿ ಅದನ್ನು ಮರೆಸಿಬಿಟ್ಟಿದೆ. ಲೈರಿನಲ್ಲಿ ಒಡಲಿನಿಂದ ಎರಡು ತೋಳು ಮೇಲೇಳುತ್ತವೆ. ಮೇಲೆ ಒಂದು ಅಡ್ಡಪಟ್ಟಿ. ತಂತಿಗಳು ಅಡ್ಡಪಟ್ಟಿಯಿಂದ ಇಳಿದು, ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ತುಂಡು) ಮೇಲೆ ಹಾದು, ಒಡಲಿನ ಮುಖಕ್ಕೆ ಸಮಾನಾಂತರವಾಗಿ ಹರಿಯುತ್ತವೆ. ದಾವೀದನ ‘ಕಿನ್ನೋರ್’ ಲೈರ್. ಹಾರ್ಪಿಗೆ ಕುದುರೆ ಇಲ್ಲ. ತಂತಿಗಳು ಒಡಲಿನಿಂದ ನೇರ ಗಾಳಿಗೆ ಎದ್ದು ಕೋಲಿಗೆ ಹೋಗುತ್ತವೆ. ನಮ್ಮ ದೇಶದಲ್ಲೂ ಹಳೆಯ ಕಾಲದ ವೀಣೆ ಇಂಥದ್ದೇ. ಸಮುದ್ರಗುಪ್ತನ ಬಂಗಾರದ ನಾಣ್ಯದಲ್ಲಿ ಅವನ ತೊಡೆಯ ಮೇಲಿರುವುದು ಬಿಲ್ಲಿನ ಆಕಾರದ ಹಾರ್ಪ್. ಬುರುಡೆ, ದಂಡಿ, ಮೆಟ್ಟಿಲುಗಳಿರುವ ಈಗಿನ ವೀಣೆ ಅಲ್ಲ. ಆ ಬಗೆಯದು ಬರ್ಮಾದಲ್ಲಿ ‘ಸಾಂಗ್’ ಎಂಬ ಹೆಸರಲ್ಲಿ ಇಂದಿಗೂ ಉಳಿದಿದೆ. ಹಾಗಾಗಿ ಕನ್ನಡ ಬೈಬಲಿನ ‘ವೀಣೆ’ ತಪ್ಪು ಅಂತ ನಾನು ಹೇಳಲಾರೆ. ನಮ್ಮ ಕಣ್ಣಿಗೆ ಈಗ ಬೇರೆ ವೀಣೆ ಕಾಣುತ್ತದೆ, ಅಷ್ಟೇ.

ಕಿನ್ನರಿ ವಿಷಯ ಸ್ವಲ್ಪ ಬೇರೆ. ಕಿನ್ನೋರ್ ಎಂಬ ಹೆಸರು ಬಲು ಹಳೆಯದು. ಸಿರಿಯಾದ ಎಬ್ಲಾ ಮತ್ತು ಮಾರಿ ಪಟ್ಟಣಗಳ ಮಣ್ಣಿನ ಹಲಗೆಗಳಲ್ಲಿ ‘ಕಿನ್ನಾರು’ ಇದೆ. ಉಗಾರಿಟ್‌ನಲ್ಲಿ ಅದು ದೇವರ ಪಟ್ಟಿಯಲ್ಲೇ ಇದೆ, ವಾದ್ಯವೇ ದೇವರು. ನಮ್ಮ ಕಿನ್ನರಿಯೋ, ಉದ್ದ ದಂಡಿಗೆ ಬುರುಡೆ ಕಟ್ಟಿ ಮೆಟ್ಟಿಲು ಕೂರಿಸಿದ ವಾದ್ಯ. ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲೇ ಅದು ಇದೆ. ಹೆಸರು ಒಂದರ ಪಕ್ಕ ಒಂದು ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ವಾದ್ಯಗಳನ್ನು ಪಕ್ಕಪಕ್ಕ ಇಟ್ಟರೆ ಮುಖಪರಿಚಯವೂ ಇಲ್ಲ. ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ಸ್ಯಾಕ್‌ಬಟ್ ತಲುಪಿದವರ ಕಥೆ ನೋಡಿದ್ದೇವೆ. ನಾನಂತೂ ಇಲ್ಲಿಗೇ ನಿಲ್ಲುತ್ತೇನೆ.

ಏಣಿಯಿಂದ ಊಹಿಸಿದ ಆಕಾರದ ವಾದ್ಯ ಆ ಪ್ರದೇಶದಲ್ಲಿ ನಿಜವಾಗಿ ಇತ್ತಾ? ಇತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಸ್ಸೀರಿಯಾದ ಅರಮನೆಗಳ ಕಲ್ಲುಹಲಗೆಗಳಿವೆ. ನಿಮ್ರೂದಿನಿಂದ ತಂದ ಕ್ರಿ.ಪೂ. ಒಂಬತ್ತನೇ ಶತಮಾನದ ಹಲಗೆಗಳಲ್ಲಿ, ಬೇಟೆ ಮುಗಿಸಿದ ರಾಜನ ಎದುರು ವಾದ್ಯದವರು ನಿಂತಿದ್ದಾರೆ. ವಾದ್ಯದ ಒಡಲನ್ನು ಸೊಂಟದ ಹತ್ತಿರ ಅಡ್ಡಕ್ಕೆ ಹಿಡಿದಿದ್ದಾರೆ. ಅದರ ಮುಂದಿನ ಕೊನೆಯಿಂದ ಒಂದು ಕೋಲು ನೆಟ್ಟಗೆ ಎದ್ದಿದೆ. ಕೋಲಿನ ತುದಿಯನ್ನು ಮನುಷ್ಯರ ಅಂಗೈಯ ಆಕಾರದಲ್ಲಿ ಕೆತ್ತಿದ್ದಾರೆ. ಕೆಲವೇ ತಂತಿಗಳು. ಬಲಗೈಯಲ್ಲಿ ಉದ್ದನೆಯ ಮೀಟುಗಡ್ಡಿ. ಎಡಗೈ ತಂತಿಗಳ ಮೇಲೆ.

ನಿನೆವೆಯಿಂದ ತಂದ, ಕ್ರಿ.ಪೂ. ಏಳನೇ ಶತಮಾನದ ಇನ್ನೊಂದು ಸಾಲು ಇದೆ. ಸೋತ ಏಲಾಮ್ ದೇಶದ ವಾದ್ಯದವರು ಅಸ್ಸೀರಿಯಾದವರು ಕೂರಿಸಿದ ಹೊಸ ರಾಜನನ್ನು ಎದುರುಗೊಳ್ಳಲು ಬರುತ್ತಿದ್ದಾರೆ. ಮುಂದೆ ಹಾರ್ಪಿನವರು. ಹೆಚ್ಚಿನವರ ಕೈಯಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿಯುವ ಹಾರ್ಪ್. ಒಬ್ಬನ ಹತ್ತಿರ ಅಡ್ಡ ಹಾರ್ಪ್. ಜೋಡಿ ಕೊಳಲು ಊದುವವರಿದ್ದಾರೆ. ಹಿಂದೆ ಚಪ್ಪಾಳೆ ತಟ್ಟುವ ಹೆಂಗಸರು, ಮಕ್ಕಳು. ಒಬ್ಬಳು ಹೆಂಗಸು ಗಂಟಲಿಗೆ ಕೈ ಒತ್ತಿಕೊಂಡು ಹಾಡುತ್ತಿದ್ದಾಳೆ, ದನಿ ನಡುಗಿಸಲು. ಅದೇ ನಗರದ ಮತ್ತೊಂದು ಪ್ರಸಿದ್ಧ ಹಲಗೆಯಲ್ಲಿ ರಾಜ ಅಶುರ್‌ಬನಿಪಾಲ್ ದ್ರಾಕ್ಷಿ ಚಪ್ಪರದ ಕೆಳಗೆ ಒರಗಿ ಕುಡಿಯುತ್ತಿದ್ದಾನೆ, ಎದುರು ರಾಣಿ ಕೂತಿದ್ದಾಳೆ. ಒಂದು ಕಡೆ ಹಾರ್ಪ್ ನುಡಿಯುತ್ತಿದೆ. ಪಕ್ಕದ ಮರದಲ್ಲಿ ಏಲಾಮಿನ ರಾಜ ತೆಉಮ್ಮಾನನ ಕಡಿದ ತಲೆ ತೂಗುತ್ತಿದೆ. ಅಡ್ಡಬೀಳದಿದ್ದರೆ ಬೆಂಕಿಗೆ ಎಂದು ವಾದ್ಯ ಬಾರಿಸಿ ಹೇಳಿಸುವ ರಾಜನ ಕಥೆ ಎಂಥ ನೆಲದಿಂದ ಎದ್ದಿದೆ ಎಂದು ತಿಳಿಯಬೇಕಾದರೆ ಈ ಹಲಗೆ ನೋಡಬೇಕು.

ಕಲ್ಲಿನ ಚಿತ್ರ ಮಾತ್ರ ಅಲ್ಲ, ನಿಜವಾದ ವಾದ್ಯವೂ ಸಿಕ್ಕಿದೆ, ಆದರೆ ಬಹಳ ದೂರದಲ್ಲಿ. ಸೈಬೀರಿಯಾದ ಅಲ್ತಾಯ್ ಪರ್ವತದ ಪಾಜಿರಿಕ್‌ನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿ ದಿಬ್ಬಗಳಿವೆ. ಒಳಗೆ ನೀರು ಹೆಪ್ಪುಗಟ್ಟಿದ್ದರಿಂದ ಮರ, ಚರ್ಮ, ಬಟ್ಟೆ ಕೆಡದೆ ಉಳಿದಿವೆ. ಅಲ್ಲಿ ಸಿಕ್ಕ ಅಡ್ಡ ಹಾರ್ಪಿನ ಒಡಲು ಒಂದೇ ಮರದಲ್ಲಿ ಕೊರೆದದ್ದು, ನಡುವೆ ಸಣ್ಣಗಾದ ದೋಣಿಯ ಹಾಗಿದೆ. ಮೇಲೆ ಚರ್ಮದ ಹೊದಿಕೆ ಇತ್ತು. ಉದ್ದ ಒಂದು ಮೀಟರಿಗೂ ಕಡಿಮೆ. ಇದು ಸಬ್ಬೆಕಾ ಅಲ್ಲ, ಅದರ ಬಳಗದ್ದು ಅನ್ನಬಹುದು.

ದನಿ ಹೇಗಿತ್ತು ಎಂಬುದಕ್ಕೆ ಗ್ರೀಕ್ ಸಂಗೀತಶಾಸ್ತ್ರ ಬರೆದ ಅರಿಸ್ಟೈಡೀಸ್ ಕ್ವಿಂಟಿಲಿಯಾನಸ್ ಸಿಗುತ್ತಾನೆ. ಸಾಂಬೂಕೆಯ ತಂತಿಗಳು ಗಿಡ್ಡ, ಹಾಗಾಗಿ ಶ್ರುತಿ ತುಂಬಾ ಏರು, ಅದು ಹೆಣ್ಣು ದನಿ, ಗಾಂಭೀರ್ಯ ಇಲ್ಲದ್ದು, ಕೇಳಿದವರು ಮೆತ್ತಗಾಗುತ್ತಾರೆ ಎಂದು ಅವನ ದೂರು. ದೂರು ಅವನದ್ದು, ಮಾಹಿತಿ ನಮ್ಮದು: ಗಿಡ್ಡ ತಂತಿ, ಏರು ಶ್ರುತಿ. ಈ ವಾದ್ಯದ ಮೇಲೆ ಗಂಭೀರ ಜನರಿಗೆ ಯಾವಾಗಲೂ ಸಿಟ್ಟೇ. ಅರಿಸ್ಟಾಟಲ್ ತನ್ನ ರಾಜನೀತಿಯ ಗ್ರಂಥದಲ್ಲಿ, ಹಿರಿಯರು ಬೇಡವೆಂದು ಬಿಟ್ಟ ವಾದ್ಯಗಳ ಸಾಲಿನಲ್ಲಿ ಇದನ್ನೂ ಸೇರಿಸಿದ. ರೋಮನ್ ಇತಿಹಾಸಕಾರ ಲಿವಿ, ಕ್ರಿ.ಪೂ. 187ರಲ್ಲಿ ಏಷ್ಯಾದಿಂದ ಗೆದ್ದು ಬಂದ ಸೈನ್ಯ ರೋಮಿಗೆ ತಂದ ಶೋಕಿಗಳನ್ನು ಎಣಿಸುತ್ತಾನೆ: ಕಂಚಿನ ಮಂಚ, ಬೆಲೆಬಾಳುವ ಹೊದಿಕೆ, ಊಟದ ಹೊತ್ತಿಗೆ ಸಾಂಬೂಕಾ ನುಡಿಸುವ ಹುಡುಗಿಯರು. ನಮ್ಮ ಊರು ಕೆಟ್ಟದ್ದು ಆವಾಗಿನಿಂದ ಅಂತ ಅವನ ಲೆಕ್ಕ. ಪರ್ಸಿಯಸ್ ಎಂಬ ಕವಿಗೆ ಆಗದ ಮಾತೊಂದನ್ನು ಹೇಳಬೇಕಿತ್ತು. ಎತ್ತರದ ದಾಂಡಿಗ ಆಳಿಗೆ ಸಾಂಬೂಕಾ ಕಲಿಸಿದ ಹಾಗೆ ಅಂದ. ಸಣ್ಣ ನಾಜೂಕು ವಾದ್ಯ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಹಾಗಾದರೆ ‘ಟ್ರೈಗನ್’? ಅದು ‘ತ್ರಿಕೋನ’ ಎಂಬ ಗ್ರೀಕ್ ಶಬ್ದ. ತ್ರಿಕೋನದ ಹಾರ್ಪಿಗೆ ಗ್ರೀಕರೇ ಇಟ್ಟಿದ್ದ ಹೆಸರು. ಗ್ರೀಕ್ ಪಟ್ಟಿಗಳಲ್ಲಿ ಟ್ರೈಗನ್ ಒಂದು, ಸಾಂಬೂಕೆ ಇನ್ನೊಂದು ಎಂದು ಬೇರೆ ಬೇರೆಯಾಗಿಯೇ ಬರುತ್ತವೆ. ಹಾಗಾಗಿ ಇಎಸ್‌ವಿ ಅನುವಾದ ಪೂರ್ತಿ ಕರಾರುವಾಕ್ಕಲ್ಲ. ಆದರೂ ನಿಮ್ಮ ಮುಂದಿರುವ ಇಂಗ್ಲಿಷ್ ಶಬ್ದಗಳಲ್ಲಿ ಹತ್ತಿರದ್ದು ಅದೇ.

ಸಂತೂರ್ ಪ್ರಶ್ನೆಗೆ ಬರೋಣ. ನಿಮಗೆ ಹೇಳಿದವರ ಮಾತು ಅರ್ಧ ಸರಿ. ಸಂತೂರಿನ ಹೆಸರು ಪಟ್ಟಿಯ ಮುಂದಿನ ವಾದ್ಯದ್ದು, ಅಂದರೆ ಪೆಸಂತೇರಿನ್‌ನದು. ಗ್ರೀಕಿನ ಪ್ಸಾಲ್ಟೇರಿಯೋನ್, ಅರಾಮಿಕ್‌ನಲ್ಲಿ ಪೆಸಂತೇರಿನ್, ಅಲ್ಲಿಂದ ಅರಬ್ಬರ, ಪರ್ಷಿಯನ್ನರ ಸಂತೂರ್ ಎಂಬ ಸರಪಳಿಯನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಕಾಶ್ಮೀರದ ಸೂಫಿಯಾನಾ ಸಂಗೀತದಲ್ಲಿದ್ದ ಸಂತೂರನ್ನು ಹಿಂದೂಸ್ತಾನಿ ಕಛೇರಿಗೆ ತಂದವರು ಶಿವಕುಮಾರ್ ಶರ್ಮಾ. ಧಾರವಾಡದಲ್ಲಿ ಸಂತೂರ್ ಕಛೇರಿಗೆ ಕೂತಾಗ ದಾನಿಯೇಲನ ಪಟ್ಟಿಯ ಒಂದು ಶಬ್ದ ವೇದಿಕೆಯ ಮೇಲಿದೆ ಎಂದು ನೀವು ಧೈರ್ಯವಾಗಿ ಹೇಳಬಹುದು. ಆದರೆ ವಾದ್ಯ ಅದೇ ಎನ್ನಬೇಡಿ. ಪ್ಸಾಲ್ಟೇರಿಯೋನ್ ಬೆರಳಿನಿಂದ ಮೀಟುವ ಹಾರ್ಪ್. ಸಂತೂರ್ ಪೆಟ್ಟಿಗೆಯ ಮೇಲೆ ತಂತಿ ಬಿಗಿದು ಕಡ್ಡಿಯಿಂದ ಬಾರಿಸುವುದು. ಅಸ್ಸೀರಿಯಾದ ಕಲ್ಲಿನಲ್ಲೇ ಸಂತೂರ್ ಇದೆ ಎಂದು ಅಲ್ಲಲ್ಲಿ ಬರೆಯುತ್ತಾರೆ. ಅವರು ತೋರಿಸುವುದು ನಾನು ಮೇಲೆ ಹೇಳಿದ ಅಡ್ಡ ಹಾರ್ಪನ್ನೇ. ಕೈಯಲ್ಲಿ ಕಡ್ಡಿ ನೋಡಿ ಮೋಸ ಹೋಗುತ್ತಾರೆ. ಇನ್ನೊಂದು ತಮಾಷೆ: ಕಿಂಗ್ ಜೇಮ್ಸ್ ಬೈಬಲಿನ ಪಟ್ಟಿಯಲ್ಲಿ ‘ಡಲ್ಸಿಮರ್’ ಇದೆ, ಅಂದರೆ ಸಂತೂರಿನ ಯುರೋಪಿಯನ್ ನೆಂಟ. ಅದನ್ನು ಅವರು ಹಾಕಿದ್ದು ಪೆಸಂತೇರಿನ್ ಜಾಗಕ್ಕಲ್ಲ, ಪಕ್ಕದ ಸೂಂಪೋನ್ಯಾಕ್ಕೆ. ಮನೆ ತಪ್ಪಿ ಪಕ್ಕದ ಬಾಗಿಲು ತಟ್ಟಿದ ಹಾಗೆ.

ಗ್ರೀಕ್ ಶಬ್ದಗಳಿಂದ ಪುಸ್ತಕದ ಕಾಲ ಹೇಳುವ ವಾದ ಹಳೆಯದು. ನೆಬೂಕದ್ನೆಚ್ಚರ ಆಳಿದ್ದು ಕ್ರಿ.ಪೂ. 605ರಿಂದ 562ರವರೆಗೆ. ಅಲೆಕ್ಸಾಂಡರ್ ಬಾಬೆಲಿಗೆ ಬಂದದ್ದು 331ರಲ್ಲಿ. ಗ್ರೀಕ್ ವಾದ್ಯಗಳ ಹೆಸರು ಅರಾಮಿಕ್‌ಗೆ ನುಗ್ಗಬೇಕಾದರೆ ಅಲೆಕ್ಸಾಂಡರನ ನಂತರವೇ ಸರಿ ಎಂದು ಆಕ್ಸ್‌ಫರ್ಡಿನ ಎಸ್. ಆರ್. ಡ್ರೈವರ್ ಹತ್ತೊಂಬತ್ತನೇ ಶತಮಾನದ ಕೊನೆಗೆ ಗಟ್ಟಿಯಾಗಿ ಹೇಳಿದರು. ಎದುರು ವಾದವೂ ಇದೆ. ನೆಬೂಕದ್ನೆಚ್ಚರನ ಅರಮನೆಯ ಪಡಿತರದ ಹಲಗೆಗಳಲ್ಲಿ ಅಯೋನಿಯಾದ ಬಡಗಿಗಳ ಹೆಸರಿದೆ, ಅಂದರೆ ಗ್ರೀಕರು. ಗ್ರೀಕ್ ಕವಿ ಆಲ್ಕೇಯಸ್‌ನ ಅಣ್ಣ ಅಂಟಿಮೆನಿಡಾಸ್ ಬಾಬೆಲಿನವರ ಪರ ಹೋರಾಡಿ, ದಂತದ ಹಿಡಿಯ ಕತ್ತಿ ತಂದಿದ್ದ. ಜನ ಓಡಾಡುತ್ತಿದ್ದ ಮೇಲೆ ವಾದ್ಯಗಳೂ ಓಡಾಡಿರಬಹುದು.

ನನ್ನ ತೂಕ ಹೀಗೆ: ಕೀತರೋಸ್ ಒಂದೇ ಇದ್ದಿದ್ದರೆ ಅದರಿಂದ ಕಾಲ ಹೇಳುವುದು ಕಷ್ಟವಿತ್ತು. ಕಿಥಾರಿಸ್ ಹೋಮರನಷ್ಟು ಹಳೆಯ ಶಬ್ದ. ಆದರೆ ಪ್ಸಾಲ್ಟೇರಿಯೋನ್ ಎಂಬ ಹೆಸರು ಗ್ರೀಕಿನಲ್ಲೇ ಕ್ರಿ.ಪೂ. ನಾಲ್ಕನೇ ಶತಮಾನಕ್ಕಿಂತ ಮ‍ುಂಚೆ ಕಾಣುವುದಿಲ್ಲ. ಸುಂಫೋನಿಯಾ ಎಂಬುದು ವಾದ್ಯಕ್ಕೋ ಮೇಳಕ್ಕೋ ಹೆಸರಾಗಿ ಕಾಣುವುದು ಇನ್ನೂ ಈಚೆಗೆ, ಪಾಲಿಬಿಯಸ್‌ನಲ್ಲಿ. ಅವನು ಅದನ್ನು ಹೇಳುವುದು ರಾಜ ನಾಲ್ಕನೇ ಆಂಟಿಯೋಕಸ್‌ನ ಹುಚ್ಚಾಟ ವರ್ಣಿಸುವಾಗ. ಯಾರದೋ ಔತಣ ನಡೆಯುತ್ತಿದ್ದರೆ ಈ ರಾಜ ಕೊಂಬು, ಸುಂಫೋನಿಯಾ ಸಮೇತ ದಿಢೀರ್ ಅಂತ ನುಗ್ಗುತ್ತಿದ್ದನಂತೆ. ಯೆರೂಸಲೇಮಿನ ದೇವಾಲಯವನ್ನು ಅಪವಿತ್ರ ಮಾಡಿದ ರಾಜನೂ ಇವನೇ. ದಾನಿಯೇಲನ ಪುಸ್ತಕ ಈಗಿನ ರೂಪಕ್ಕೆ ಬಂದದ್ದು ಇವನ ಕಾಲದಲ್ಲಿ, ಕ್ರಿ.ಪೂ. 165ರ ಸುಮಾರಿಗೆ, ಎಂದು ಹೆಚ್ಚಿನ ವಿದ್ವಾಂಸರು ಹೇಳುವುದಕ್ಕೆ ಬೇರೆ ಕಾರಣಗಳೂ ಇವೆ. ವಾದ್ಯಗಳ ಪಟ್ಟಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಒಳಗಿನ ಕಥೆಗಳು ಅದಕ್ಕಿಂತ ಹಳೆಯವಿರಬಹುದು. ಸಬ್ಬೆಕಾವನ್ನಂತೂ ಈ ಜಗಳಕ್ಕೆ ಎಳೆಯಬೇಡಿ. ಅದು ಯಾರ ಪರವೂ ಸಾಕ್ಷಿ ಹೇಳುವುದಿಲ್ಲ.

ಅರಾಮಿಕ್ ಎಂದರೆ ಯಾವುದೋ ದೂರದ ಸತ್ತ ಭಾಷೆ ಅಂತ ಮಕ್ಕಳು ಮೂಗು ಮುರಿದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದ ಕಥೆ ಹೇಳಿ. ಬ್ರಾಹ್ಮಿಯಲ್ಲಿ ಶಾಸನ ಬರೆದ ಚಪಡ ಎಂಬ ಲಿಪಿಕಾರ ಕೊನೆಗೆ ‘ಲಿಪಿಕಾರ’ ಎಂಬ ಶಬ್ದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಹುಟ್ಟಿದ್ದು ಅರಾಮಿಕ್ ಲಿಪಿಯಿಂದ. ಅರಾಮಿಕ್ ಸತ್ತೂ ಇಲ್ಲ. ಸಿರಿಯಾದ ಮಾಲೂಲಾ ಊರಿನಲ್ಲಿ ಈಗಲೂ ಮಾತಾಡುತ್ತಾರೆ.

ಕಡೆಯದಾಗಿ ಮಕ್ಕಳ ಕೈಗೆ ಏನು ಕೊಡುವುದು. ಸುಲಭ. ಮುಕ್ಕಾಲು ಮೀಟರ್ ಉದ್ದದ ರಟ್ಟಿನ ಪೆಟ್ಟಿಗೆ ಅಥವಾ ಥರ್ಮಾಕೋಲನ್ನು ದೋಣಿಯ ಆಕಾರಕ್ಕೆ ಕತ್ತರಿಸಿ, ಕಂದು ಬಣ್ಣ ಹಚ್ಚಿ. ಒಂದು ಕೊನೆಯಲ್ಲಿ ಅರ್ಧ ಮೀಟರ್ ಕೋಲನ್ನು ಸ್ವಲ್ಪ ಓರೆಯಾಗಿ ನೆಡಿ. ಕೋಲಿನ ತುದಿಗೆ ರಟ್ಟಿನ ಅಂಗೈ ಅಂಟಿಸಿದರೆ ನಿಮ್ರೂದಿನ ವಾದ್ಯವೇ ಆಯಿತು. ಕೋಲಿಗೂ ಪೆಟ್ಟಿಗೆಗೂ ನಡುವೆ ಏಳೆಂಟು ನೈಲಾನ್ ದಾರ ಬಿಗಿಯಿರಿ. ಮೂಲೆಯ ಹತ್ತಿರದ ದಾರ ಗಿಡ್ಡ, ಆಚೆಯದು ಉದ್ದ. ಎಡಗಂಕುಳಿನ ಕೆಳಗೆ ಅಡ್ಡಕ್ಕೆ ಹಿಡಿಯಬೇಕು, ಕೋಲು ಮುಂದಕ್ಕೆ ಬರಬೇಕು. ಬಲಗೈಗೆ ಒಂದು ಉದ್ದ ಕಡ್ಡಿ ಕೊಡಿ. ದನಿಗೆ ಕೀಬೋರ್ಡಿನ ಹಾರ್ಪ್ ಟೋನ್ ಇಟ್ಟು ಮೇಲಿನ ಸ್ಥಾಯಿಯಲ್ಲೇ ನುಡಿಸಿ. ಯಾರ ಹತ್ತಿರವಾದರೂ ಸ್ವರಮಂಡಲ ಇದ್ದರೆ ಇನ್ನೂ ಒಳ್ಳೇದು, ಏರು ಶ್ರುತಿಯ ತಂತಿಗಳನ್ನು ಮಾತ್ರ ಮೀಟಿಸಿ. ಕ್ವಾಯರ್‌ನಲ್ಲಿ ಟ್ರಾಂಬೋನ್ ಹುಡುಗ ಇದ್ದರೆ ಅವನಿಗೂ ಕೆಲಸ ಇದೆ: ಪಟ್ಟಿಯ ಮೊದಲ ಹೆಸರು ಕರ್ನಾ, ಆ ಕೊಂಬಿನ ದನಿ ಅವನೇ ಊದಲಿ.